ದಾಸೋಹಕ್ಕೆ ಸಲ್ಲದ ವಸ್ತು



ಇದ್ದುದನ್ನು ಹಂಚಿಕೊಂಡು ಉಣ್ಣುವುದು ನಮ್ಮ ಮನೆಗಳ ಹುಟ್ಟುಗುಣ. ಅಗುಳು ಚೆಲ್ಲದಿರುವುದು, ಮಿಕ್ಕಿದ್ದನ್ನು ಕಾದಿರಿಸುವುದು, ನೆರೆಮನೆಯವರ ಕಷ್ಟಕ್ಕೆ ಕೈಯಲ್ಲಿದ್ದುದನ್ನು ಕೊಡುವುದು, ಇವನ್ನು ಯಾರೂ ಪಾಠ ಹೇಳಿ ಕಲಿಸಬೇಕಾಗಿಲ್ಲ. ಮಕ್ಕಳು ತಾಯಂದಿರನ್ನು ನೋಡಿಯೇ ಕಲಿಯುತ್ತಾರೆ. ಆದರೆ ಈ ಸದ್ಗುಣಗಳೇ ಅಪಾಯವಾಗಿ ತಿರುಗುವ ಒಂದು ಮೂಲೆ ಬಹುತೇಕ ಮನೆಗಳಲ್ಲಿದೆ. ಅದು ಗುಳಿಗೆಗಳ ಡಬ್ಬಿ. ಊಟ ಹಂಚಬಹುದು, ಉಡುಗೆ ಹಂಚಬಹುದು, ವಿದ್ಯೆಯನ್ನಂತೂ ಹಂಚಿದಷ್ಟೂ ಒಳ್ಳೆಯದು. ವೈದ್ಯರು ಒಬ್ಬರಿಗೆಂದು ಬರೆದುಕೊಟ್ಟ ಪೆನ್ಸಿಲಿನ್ ವರ್ಗದ ಔಷಧವನ್ನು ಮಾತ್ರ ಇನ್ನೊಬ್ಬರಿಗೆ ಕೊಡಲಾಗದು, ಮುಂದಿನ ಸಲಕ್ಕೆಂದು ಎತ್ತಿಡಲೂ ಆಗದು. ಅದು ಒಬ್ಬ ರೋಗಿಯ, ಒಂದು ರೋಗದ, ಒಂದು ಸಲದ ಔಷಧ. ಈ ತಿಂಗಳು ಇದಿಷ್ಟನ್ನೇ ಕೊಂಚ ವಿವರವಾಗಿ ನಿವೇದಿಸಬಯಸುತ್ತೇವೆ. ನಾವು ವೈದ್ಯರಲ್ಲ, ಬಲ್ಲ ವೈದ್ಯರು ಹೇಳುವುದನ್ನು ಮನೆಯ ಮಾತಿನಲ್ಲಿ ಮುಂದಿಡುವುದಷ್ಟೇ ನಮ್ಮ ಕೆಲಸ.

ಬೆಳಗಾವಿಯ ನೆಹರು ನಗರವೆಂದರೆ ಸುತ್ತಲಿನ ಜನರಿಗೆ ಮೊದಲು ನೆನಪಾಗುವುದು ದವಾಖಾನೆ. 1916ರಲ್ಲಿ ಏಳು ಜನ ಶಿಕ್ಷಕರು ಕೂಡಿ ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1963ರಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಅದೇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇಂದು ಇಲ್ಲಿ ನಿಂತಿದೆ. ಖಾನಾಪುರ, ನಂದಗಡ, ಜಾಂಬೋಟಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬೆಳಗಾವಿಯ ದವಾಖಾನೆಗಳಿಗೆ ಬರುವ ಕುಟುಂಬಗಳು ಸಂಜೆಯ ಬಸ್ಸಿಗೆ ಹಿಂದಿರುಗುವಾಗ ಕೈಯಲ್ಲಿ ಒಂದು ಚೀಟಿ, ಚೀಲದಲ್ಲಿ ನಾಲ್ಕು ಪಟ್ಟಿ ಗುಳಿಗೆ ಇರುತ್ತವೆ. ವೈದ್ಯರ ಜವಾಬ್ದಾರಿ ಚೀಟಿ ಬರೆಯುವವರೆಗೆ. ಆ ಗುಳಿಗೆ ಯಾರ ಹೊಟ್ಟೆ ಸೇರುತ್ತದೆ, ಯಾವ ಹೊತ್ತಿಗೆ, ಎಷ್ಟು ದಿನ ಎಂಬುದೆಲ್ಲ ಮನೆಯವರ ಕೈಯಲ್ಲಿದೆ.

ಪೆನ್ಸಿಲಿನ್ ಎಂದರೇನೆಂಬುದನ್ನು ಮೊದಲು ತಿಳಿಯೋಣ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ರೋಗಾಣುಗಳನ್ನು ಬೆಳೆಸಿದ್ದ ತಟ್ಟೆಯೊಂದರ ಮೇಲೆ ಬೂಷ್ಟು ಬಿದ್ದು, ಅದರ ಸುತ್ತಲಿನ ರೋಗಾಣುಗಳು ಕರಗಿದ್ದನ್ನು ಗಮನಿಸಿದರು. ಆ ಬೂಷ್ಟಿನ ರಸವೇ ಪೆನ್ಸಿಲಿನ್. ರೋಗಾಣುವಿನ ಮೈಸುತ್ತ ಒಂದು ಗೋಡೆಯಿರುತ್ತದೆ. ಅದನ್ನು ಕಟ್ಟಿಕೊಳ್ಳಲು ಈ ಔಷಧ ಬಿಡುವುದಿಲ್ಲ. ಮನುಷ್ಯನ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದುದರಿಂದ ನಮಗೆ ಅದರ ಪೆಟ್ಟು ತಾಗದು. ನೆಗಡಿ, ಫ್ಲೂ ಮುಂತಾದವನ್ನು ತರುವ ವೈರಾಣುವಿಗೂ ಆ ಗೋಡೆಯಿಲ್ಲ. ಆದ್ದರಿಂದಲೇ ನೆಗಡಿಗೆ ಪೆನ್ಸಿಲಿನ್ ನುಂಗುವುದು ವ್ಯರ್ಥ.

ಈ ಔಷಧ ರೋಗಿಗಳನ್ನು ಮುಟ್ಟಲು ಇನ್ನೂ ಹನ್ನೆರಡು ವರ್ಷ ಹಿಡಿಯಿತು. 1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಅದನ್ನು ಚುಚ್ಚಿದರು. ಮುಖವೆಲ್ಲ ಕೀವು ತುಂಬಿ, ಒಂದು ಕಣ್ಣನ್ನೇ ಕಳೆದುಕೊಂಡಿದ್ದ ಮನುಷ್ಯ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಊಟ ಮಾಡತೊಡಗಿದ. ಅಷ್ಟರಲ್ಲಿ ಔಷಧ ತೀರಿಹೋಯಿತು. ಅಂದು ಜಗತ್ತಿನಲ್ಲಿದ್ದುದೇ ಅಷ್ಟು. ಅವನ ಮೂತ್ರದಿಂದ ಪೆನ್ಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಅವನಿಗೇ ಕೊಟ್ಟರೂ ಸಾಲದಾಯಿತು. ರೋಗ ಮರುಕಳಿಸಿ ಮಾರ್ಚ್ 15ರಂದು ಅವನು ತೀರಿಕೊಂಡ. ರೋಗಿಗೆ ನೆಮ್ಮದಿಯೆನಿಸುವುದು ಬೇರೆ, ರೋಗ ಬೇರುಸಹಿತ ಹೋಗುವುದು ಬೇರೆ ಎಂಬುದನ್ನು ಪೆನ್ಸಿಲಿನ್ ತನ್ನ ಮೊದಲ ದಿನಗಳಲ್ಲಿಯೇ ತೋರಿಸಿಕೊಟ್ಟಿತು. ಆ ಪೇದೆಗೆ ಔಷಧವಿರಲಿಲ್ಲ. ಇಂದು ನಮ್ಮ ಮನೆಯ ಡಬ್ಬಿಯಲ್ಲಿ ಔಷಧವಿದ್ದೂ ನಾವು ನಡುವೆ ನಿಲ್ಲಿಸುತ್ತೇವೆ.

ನಮ್ಮ ದೇಶದಲ್ಲಿಯೂ ಅದು ಬಹುಕಾಲ ದುರ್ಲಭ ವಸ್ತುವಾಗಿತ್ತು. 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರಕಾರಿ ಕಾರಖಾನೆ ಸ್ಥಾಪಿತವಾದ ಮೇಲೆ ಸಾಮಾನ್ಯರ ಕೈಗೆ ಎಟುಕತೊಡಗಿತು. ಈಗ ಈ ವರ್ಗದ ಔಷಧಗಳು ಹಲವಾರು: ಪೆನ್ಸಿಲಿನ್ ವಿ, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಾಕ್ಸಸಿಲಿನ್, ಅಮಾಕ್ಸಿಸಿಲಿನ್ನಿಗೆ ಕ್ಲಾವುಲನಿಕ್ ಆಮ್ಲವನ್ನು ಕೂಡಿಸಿದ್ದು ಇತ್ಯಾದಿ. ಕಂಪನಿಗಳು ಇವಕ್ಕೆ ಬಗೆಬಗೆಯ ವ್ಯಾಪಾರದ ಹೆಸರಿಡುತ್ತವೆ. ಹೆಸರು ಹತ್ತು, ಒಳಗಿನ ಔಷಧ ಒಂದೇ ಆಗಿರಬಹುದು. ಆದ್ದರಿಂದ ಪಟ್ಟಿಯ ಮೇಲಿನ ವ್ಯಾಪಾರದ ಹೆಸರನ್ನಲ್ಲ, ಅದರ ಜೊತೆಗಿರುವ ಮೂಲ ಹೆಸರನ್ನು ಓದಿಸಿ ತಿಳಿದುಕೊಳ್ಳಬೇಕು.

ಈಗ ಹಂಚುವ ಮಾತಿಗೆ ಬರೋಣ. ಮನೆಯಲ್ಲಿ ಮಗಳಿಗೆ ಗಂಟಲು ಕೆರೆತ, ಮೈ ಬಿಸಿ. “ಹ್ವಾದ ವರ್ಷ ನಿಮ್ಮಣ್ಣಗ ಬರದು ಕೊಟ್ಟ ಗುಳಿಗಿ ಇನ್ನೂ ನಾಕು ಅದಾವ, ತಗೋ ಯವ್ವಾ” ಎಂದು ಅಜ್ಜಿ ಡಬ್ಬಿ ತೆರೆಯುತ್ತಾರೆ. ಆ ಮಾತಿನಲ್ಲಿ ಅಕ್ಕರೆಯ ಹೊರತು ಬೇರೇನೂ ಇಲ್ಲ. ಆದರೂ ಅಲ್ಲಿ ನಾಲ್ಕು ತೊಡಕುಗಳಿವೆ. ಅಣ್ಣನಿಗಿದ್ದ ರೋಗವೇ ತಂಗಿಗೂ ಇದೆಯೆಂಬುದು ಗೊತ್ತಿಲ್ಲ. ಗಂಟಲುನೋವುಗಳಲ್ಲಿ ಹೆಚ್ಚಿನವು ವೈರಾಣುವಿನಿಂದ ಬಂದು ತಾವಾಗಿಯೇ ಹೋಗುವಂಥವು. ಅಣ್ಣನ ತೂಕಕ್ಕೆ ಬರೆದ ಪ್ರಮಾಣ ತಂಗಿಯ ಮೈಗೆ ಸರಿಯಾಗಲಾರದು. ನಾಲ್ಕೇ ಗುಳಿಗೆ ಯಾವ ಲೆಕ್ಕಕ್ಕೂ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಪೆನ್ಸಿಲಿನ್ ಅಣ್ಣನಿಗೆ ಒಗ್ಗಿತೆಂದ ಮಾತ್ರಕ್ಕೆ ತಂಗಿಗೂ ಒಗ್ಗುತ್ತದೆಯೆಂಬ ಭರವಸೆಯಿಲ್ಲ.

ಈ ಒಗ್ಗದಿರುವಿಕೆಯೇ ಅಲರ್ಜಿ. ಅದು ಸಾಮಾನ್ಯವಲ್ಲ, ಪ್ರಾಣಕ್ಕೆ ಕುತ್ತು ತರುವಷ್ಟು ತೀವ್ರವಾದದ್ದು ಹತ್ತು ಸಾವಿರ ಚಿಕಿತ್ಸೆಗಳಲ್ಲಿ ಒಂದರಿಂದ ಐದರಷ್ಟು ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಆದರೆ ಬಂದಾಗ ಅದು ಕಾಯುವುದಿಲ್ಲ. ಔಷಧ ದೇಹ ಸೇರಿದ ಕೆಲವು ನಿಮಿಷಗಳಿಂದ ಗಂಟೆ ಎರಡು ಗಂಟೆಯೊಳಗೆ ಮೈಮೇಲೆ ತುರಿಕೆಯ ದದ್ದು ಏಳುವುದು, ತುಟಿ, ನಾಲಿಗೆ, ಕಣ್ಣುರೆಪ್ಪೆ ಬಾಯುವುದು, ಉಸಿರು ಸಿಕ್ಕಿಕೊಳ್ಳುವುದು, ದನಿ ಒಡೆಯುವುದು, ಕಣ್ಣು ಕತ್ತಲೆಗಟ್ಟಿ ಕುಸಿಯುವುದು ಅದರ ಲಕ್ಷಣಗಳು. ಉಸಿರು, ನಾಲಿಗೆ ಅಥವಾ ಎಚ್ಚರಕ್ಕೆ ತೊಂದರೆಯಾದರೆ ಮನೆಮದ್ದು ಹುಡುಕುತ್ತ ಕೂಡಬಾರದು. 108ಕ್ಕೆ ಕರೆ ಮಾಡಬೇಕು, ಇಲ್ಲವೆ ಸಿಕ್ಕ ವಾಹನದಲ್ಲಿ ಹತ್ತಿರದ ದವಾಖಾನೆಗೆ ಒಯ್ಯಬೇಕು. ರೋಗಿಯನ್ನು ನಡೆಸಬಾರದು, ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟ ಕಷ್ಟವಾಗಿದ್ದರೆ ಕುಳ್ಳಿರಿಸಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಪ್ರಾಣ ಉಳಿಸುವಂಥದು. ಪೆನ್ಸಿಲಿನ್ ಚುಚ್ಚುಮದ್ದು ಹಾಕಿಸಿಕೊಂಡವರು ಬಸ್ಸು ತಪ್ಪೀತೆಂದು ಕೂಡಲೇ ಹೊರಡದೆ ಅರ್ಧ ಗಂಟೆಯಾದರೂ ದವಾಖಾನೆಯಲ್ಲಿಯೇ ಕುಳಿತಿರಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ.

ಆದ್ದರಿಂದ ಔಷಧಕ್ಕಿಂತ ಮೊದಲು ಮಾತು. ಚೀಟಿ ಬರೆಯುವ ಮುನ್ನ ವೈದ್ಯರು ಕೇಳಲಿ, ಕೇಳದಿರಲಿ, ನಾವೇ ಹೇಳಬೇಕು: ಹಿಂದೆ ಯಾವ ಔಷಧದಿಂದ ತೊಂದರೆಯಾಯಿತು, ಅದು ಎಷ್ಟು ವರ್ಷದ ಹಿಂದೆ, ನುಂಗಿದ ಎಷ್ಟು ಹೊತ್ತಿಗೆ, ಏನಾಯಿತು, ಅದಕ್ಕೆ ಏನು ಮಾಡಿದರು. ಹಲ್ಲಿನ ವೈದ್ಯರಿಗೂ ಇದನ್ನು ಹೇಳಬೇಕು, ಕಣ್ಣಿನ ವೈದ್ಯರಿಗೂ ಹೇಳಬೇಕು. ಆಸ್ತಮಾ, ಮೂತ್ರಪಿಂಡದ ರೋಗ, ಬಸಿರು, ಎದೆಹಾಲು ಕುಡಿಸುತ್ತಿರುವುದು ಇವನ್ನೂ ತಿಳಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬಾರದು. ಕಷಾಯ, ಗಿಡಮೂಲಿಕೆಗಳ ವಿಷಯವೂ ಹಾಗೆಯೇ. ಸಾಂಪ್ರದಾಯಿಕ ವೈದ್ಯವನ್ನು ಕುರಿತು ಸಂಶೋಧನೆ ನಡೆಸುವ ರಾಷ್ಟ್ರೀಯ ಸಂಸ್ಥೆಯೂ ಇದೇ ನೆಹರು ನಗರದಲ್ಲಿದೆ. ನಾಟಿ ಔಷಧವನ್ನು ಹೇಳಿಕೊಳ್ಳಲು ನಾಚಬೇಕಾದ ಕಾರಣವಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಎಳವೆಯಲ್ಲಿ ಒಮ್ಮೆ ದದ್ದು ಎದ್ದಿತೆಂದೋ, ಹೊಟ್ಟೆ ಕೆಟ್ಟಿತೆಂದೋ ‘ನಮಗೆ ಪೆನ್ಸಿಲಿನ್ ಆಗದು’ ಎಂದು ಜೀವಮಾನವಿಡೀ ಹೇಳಿಕೊಳ್ಳುವವರಿದ್ದಾರೆ. ಪಶ್ಚಿಮ ದೇಶಗಳಲ್ಲಿ ಹೀಗೆ ಹೇಳಿಕೊಳ್ಳುವವರನ್ನು ಕ್ರಮವಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಅಲರ್ಜಿ ಇರಲಿಲ್ಲ. ಬೇಧಿಯಾಗುವುದು ಅಲರ್ಜಿಯಲ್ಲ. ವೈರಾಣುಜ್ವರದ ದದ್ದನ್ನೇ ಔಷಧದ ದದ್ದೆಂದು ತಿಳಿದಿರಬಹುದು. ನಿಜವಾದ ಅಲರ್ಜಿಯೂ ವರ್ಷಗಳು ಕಳೆದಂತೆ ಮಾಯವಾಗುವುದುಂಟು. ಸುಳ್ಳು ಅಂಜಿಕೆಯಿಂದ ಒಳ್ಳೆಯ, ಅಗ್ಗದ ಔಷಧವೊಂದು ತಪ್ಪಿಹೋಗುತ್ತದೆ. ಆದರೆ ಇದನ್ನು ನಿರ್ಣಯಿಸಬೇಕಾದವರು ವೈದ್ಯರು, ಅದೂ ದವಾಖಾನೆಯಲ್ಲಿ. ಮನೆಯಲ್ಲಿ ಅರ್ಧ ಗುಳಿಗೆ ನುಂಗಿ ನೋಡುವ ಸಾಹಸ ಎಂದಿಗೂ ಸಲ್ಲದು.

ಚೀಟಿ ಬಂದಿತೆನ್ನಿ. ಅದು ಇಂಗ್ಲಿಷಿನಲ್ಲಿರುತ್ತದೆ, ನಮ್ಮ ಗಡಿನಾಡಿನ ಮನೆಗಳಲ್ಲಿ ಕೆಲವರಿಗೆ ಕನ್ನಡ ಬರುತ್ತದೆ, ಕೆಲವರಿಗೆ ಮರಾಠಿ. ಔಷಧಿ ಅಂಗಡಿಯಲ್ಲಿಯೇ ಕೇಳಿ ಪಟ್ಟಿಯ ಮೇಲೆ ನಮಗೆ ಬರುವ ಅಕ್ಷರದಲ್ಲಿ ಬರೆಸಿಕೊಳ್ಳುವುದು ಲೇಸು. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 1-1-1 ಎಂದಿದ್ದರೆ ಮೂರು ಹೊತ್ತು. ಆ ಮೂರು ಹೊತ್ತುಗಳ ನಡುವೆ ಆದಷ್ಟು ಸಮನಾದ ಅಂತರವಿರಬೇಕು, ಅಂದರೆ ಸುಮಾರು ಎಂಟು ಗಂಟೆ. ಈ ವರ್ಗದ ಔಷಧಗಳು ದೇಹದಿಂದ ಬೇಗನೆ ಹೊರಹೋಗುತ್ತವೆ. ಅಂತರ ಬಹಳವಾದರೆ ರೋಗಾಣುವಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವು ಸಿಗುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಬೇಕು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನೂ ಕೂಡಿಸಿ ನುಂಗಬಾರದು.

ಊಟದ ಸಂಗತಿಯೂ ಎಲ್ಲಕ್ಕೂ ಒಂದೇ ಅಲ್ಲ. ಪೆನ್ಸಿಲಿನ್ ವಿ, ಆಂಪಿಸಿಲಿನ್, ಕ್ಲಾಕ್ಸಸಿಲಿನ್ ಬರಿಹೊಟ್ಟೆಯಲ್ಲಿ, ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆಯ ನಂತರ ಹೆಚ್ಚು ಫಲಕಾರಿ. ಅಮಾಕ್ಸಿಸಿಲಿನ್ ಹೇಗಾದರೂ ನಡೆದೀತು. ಕ್ಲಾವುಲನಿಕ್ ಆಮ್ಲ ಕೂಡಿದ್ದನ್ನು ಊಟದ ಆರಂಭದಲ್ಲಿ ತೆಗೆದುಕೊಂಡರೆ ಹೊಟ್ಟೆಗೆ ಹಿತ. ನಮ್ಮ ಮನೆಗಳಲ್ಲಿ ಇಷ್ಟಲಿಂಗಪೂಜೆಯಾಗುವ ತನಕ ಏನನ್ನೂ ಸೇವಿಸದವರಿದ್ದಾರೆ. ಅವರು ಔಷಧದ ದಿನಗಳಲ್ಲಿ ಪೂಜೆಯ ಹೊತ್ತನ್ನೇ ತುಸು ಮುಂಚಿತವಾಗಿಟ್ಟುಕೊಂಡು, ದಿನವೂ ಅದೇ ಗಳಿಗೆಗೆ ಗುಳಿಗೆ ತೆಗೆದುಕೊಳ್ಳಬಹುದು. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸವೆಂದು ಔಷಧವನ್ನೂ ಬಿಡುವುದುಂಟು. ರೋಗಪೀಡಿತ ದೇಹಕ್ಕೆ ಔಷಧ ಕೊಡುವುದರಿಂದ ವ್ರತಕ್ಕೆ ಊನವಾಗದೆಂದೇ ನಾವು ತಿಳಿಯುತ್ತೇವೆ.

ಸಸ್ಯಾಹಾರಿ ಮನೆಗಳ ಇನ್ನೊಂದು ಶಂಕೆಯನ್ನು ಮರೆಮಾಚದೆ ಎತ್ತಿಕೊಳ್ಳುವುದೊಳ್ಳೆಯದು. ಪೆನ್ಸಿಲಿನ್ ಬೂಷ್ಟಿನಿಂದ ಬಂದದ್ದು, ಪ್ರಾಣಿಜನ್ಯವಲ್ಲ. ಆದರೆ ಕ್ಯಾಪ್ಸೂಲಿನ ಹೊರಕವಚವನ್ನು ಬಹುಮಟ್ಟಿಗೆ ಜೆಲಾಟಿನ್ನಿಂದ ಮಾಡುತ್ತಾರೆ. ಅದು ಪ್ರಾಣಿಗಳ ಎಲುಬು ತೊಗಲುಗಳಿಂದ ತೆಗೆದದ್ದು. ಇದನ್ನು ತಿಳಿದ ಕೆಲವರು ವೈದ್ಯರಿಗೆ ಹೇಳಲು ಸಂಕೋಚಪಟ್ಟು, ಔಷಧವನ್ನೇ ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ. ಕೆಲವರು ಕವಚ ಬಿಚ್ಚಿ ಪುಡಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸುತ್ತಾರೆ. ಎರಡೂ ಬೇಡ. ಅಮಾಕ್ಸಿಸಿಲಿನ್ ನೀರಿನಲ್ಲಿ ಕರಗಿಸಿ ಕುಡಿಯುವ ಗುಳಿಗೆಯಾಗಿಯೂ ಸಿರಪ್ಪಾಗಿಯೂ ದೊರೆಯುತ್ತದೆ. ‘ಡಾಕ್ಟರೇ, ನಮಗೆ ಕ್ಯಾಪ್ಸೂಲು ಬೇಡ, ಗುಳಿಗೆ ಬರೆದುಕೊಡಿರಿ’ ಎಂದು ಒಂದು ಮಾತು ಕೇಳಿದರೆ ನಿಯಮವೂ ಉಳಿಯುತ್ತದೆ, ಚಿಕಿತ್ಸೆಯೂ ನಡೆಯುತ್ತದೆ.

ಮಕ್ಕಳ ಸಿರಪ್ಪು ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಗುರುತಿನ ಮಟ್ಟಕ್ಕೆ ಹಾಕಿ ಚೆನ್ನಾಗಿ ಕುಲುಕಬೇಕು. ಪ್ರತಿ ಸಲ ಕೊಡುವ ಮುನ್ನವೂ ಕುಲುಕಬೇಕು. ಅಡುಗೆಮನೆಯ ಚಮಚಗಳು ಒಂದರಂತೆ ಒಂದಿಲ್ಲ. ಬಾಟಲಿಯ ಜೊತೆಗೆ ಬರುವ ಅಳತೆಯ ಮುಚ್ಚಳದಲ್ಲಿಯೇ ಅಳೆಯಬೇಕು. ನೀರು ಬೆರೆಸಿದ ಮೇಲೆ ಅದರ ಬಾಳಿಕೆ ಸಾಮಾನ್ಯವಾಗಿ ಏಳು ದಿನ. ಫ್ರಿಜ್ಜಿನಲ್ಲಿಡಬೇಕೇ ಎಂಬುದನ್ನು ಬಾಟಲಿಯ ಮೇಲಿನ ಸೂಚನೆ ನೋಡಿ ನಡೆಯಬೇಕು.

ಕೊಂಚ ಬೇಧಿ, ಹೊಟ್ಟೆ ತೊಳಸುವುದು ಈ ಔಷಧಗಳಿಂದ ಆಗುವುದುಂಟು, ಅಷ್ಟಕ್ಕೇ ನಿಲ್ಲಿಸಬೇಕಾಗಿಲ್ಲ. ಆದರೆ ನೀರಿನಂಥ ಬೇಧಿ ನಿಲ್ಲದಿದ್ದರೆ, ಅದರಲ್ಲಿ ರಕ್ತ ಕಂಡರೆ, ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿದರೆ, ಕಣ್ಣು ಚರ್ಮ ಹಳದಿಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ದದ್ದು ಯಾವುದೇ ಆಗಲಿ, ಮುಂದಿನ ಗುಳಿಗೆ ನುಂಗುವ ಮೊದಲು ಅವರನ್ನು ಕೇಳಬೇಕು.

ಎಷ್ಟು ದಿನ ತೆಗೆದುಕೊಳ್ಳಬೇಕು? ಚೀಟಿಯಲ್ಲಿ ಬರೆದಷ್ಟು ದಿನ. ಇತ್ತೀಚಿನ ವರ್ಷಗಳ ಸಂಶೋಧನೆ ಹಲವು ಸೋಂಕುಗಳಿಗೆ ಕಡಿಮೆ ದಿನಗಳೇ ಸಾಕೆಂದು ತೋರಿಸಿದೆ. ಆದ್ದರಿಂದ ಒಬ್ಬರಿಗೆ ಐದು ದಿನ, ಇನ್ನೊಬ್ಬರಿಗೆ ಹತ್ತು ದಿನ ಬರೆದಿರಬಹುದು. ನೆರೆಮನೆಯವರ ಐದು ದಿನ ನಮ್ಮ ಲೆಕ್ಕಕ್ಕೆ ಬಾರದು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಗಂಟಲುಬೇನೆಯನ್ನು ನೋಡಿ. ಎರಡು ಮೂರು ದಿನಕ್ಕೆ ನೋವು ಇಳಿದು ಮಗು ಆಟಕ್ಕೆ ಹೊರಡುತ್ತದೆ. ಆದರೂ ಗುಳಿಗೆಯನ್ನು ವಾಡಿಕೆಯಾಗಿ ಹತ್ತು ದಿನ ಬರೆಯುತ್ತಾರೆ. ಏಕೆಂದರೆ ಸರಿಯಾಗಿ ಚಿಕಿತ್ಸೆಯಾಗದ ಈ ಬೇನೆಯಿಂದ, ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಎರಡು ಮೂರು ವಾರಗಳ ನಂತರ ರುಮ್ಯಾಟಿಕ್ ಜ್ವರ ಬರಬಹುದು. ಕೀಲುಗಳು ಬಾತು ನೋಯುತ್ತವೆ. ಆ ನೋವು ಹೋಗುತ್ತದೆ, ಆದರೆ ಹೃದಯದ ಕವಾಟಗಳಿಗೆ ಬಿದ್ದ ಗಾಯ ಉಳಿಯುತ್ತದೆ. ಮುಂದೆ ಮದುವೆಯ ವಯಸ್ಸಿನಲ್ಲಿ, ಬಸಿರಿನಲ್ಲಿ ಏದುಸಿರಾಗಿ ಅದು ಹೊರಬೀಳುತ್ತದೆ.

ಅಂಥ ಮಕ್ಕಳಿಗೆ ಜ್ವರ ಮರುಕಳಿಸದಂತೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಮಗು ಚೆನ್ನಾಗಿಯೇ ಕಾಣುತ್ತದೆ, ಚುಚ್ಚಿದರೆ ಅಳುತ್ತದೆ, ಬಸ್ಸಿನ ಖರ್ಚು, ಒಂದು ದಿನದ ಕೂಲಿಯ ನಷ್ಟ. ಹೀಗಾಗಿ ಒಂದು ಸಲ ತಪ್ಪುತ್ತದೆ, ಮತ್ತೊಂದು ಸಲ ತಪ್ಪುತ್ತದೆ. ತಂದೆತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೇ: ಆ ದಿನವನ್ನು ಅಮಾವಾಸ್ಯೆ ಹುಣ್ಣಿಮೆಗಳಂತೆ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳಿರಿ. ಚುಚ್ಚುಮದ್ದು ಸಮೀಪದ ಸರಕಾರಿ ದವಾಖಾನೆಯಲ್ಲಿಯೇ ದೊರೆಯುವುದೇ ಎಂದು ವೈದ್ಯರನ್ನು ಕೇಳಿರಿ. ನಿಲ್ಲಿಸುವ ನಿರ್ಣಯ ಅವರದೇ ಆಗಲಿ.

ಇನ್ನು ಎತ್ತಿಡುವ ಮಾತು. 1945ರಲ್ಲಿ ಫ್ಲೆಮಿಂಗ್ ಅವರಿಗೆ ಫ್ಲೋರಿ, ಚೇನ್ ಅವರೊಡನೆ ನೊಬೆಲ್ ಪ್ರಶಸ್ತಿ ಬಂದಾಗ ತಮ್ಮ ಉಪನ್ಯಾಸದಲ್ಲಿ ಅವರು ಒಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಟಲುನೋವೆಂದು ಗಂಡ ತಾನೇ ಪೆನ್ಸಿಲಿನ್ ಕೊಂಡು ಸಾಲದಷ್ಟು ಸೇವಿಸುತ್ತಾನೆ. ರೋಗಾಣು ಸಾಯದೆ ಔಷಧಕ್ಕೆ ಪಳಗುತ್ತದೆ. ಅದು ಹೆಂಡತಿಗೆ ದಾಟಿ ನ್ಯುಮೋನಿಯಾ ಆಗುತ್ತದೆ. ಈಗ ಪೆನ್ಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಅರೆಬರೆ ಔಷಧದ ಫಲ ಅದನ್ನು ನುಂಗಿದವನಿಗಷ್ಟೇ ಅಲ್ಲ, ಅವನ ಮನೆಯವರಿಗೂ ತಟ್ಟುತ್ತದೆಂಬುದೇ ಅವರ ಅಭಿಪ್ರಾಯ. ಅವರು ಅಂಜಿದಂತೆಯೇ ಆಗಿದೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನ್ಸಿಲಿನ್ನಿಗೆ ಮಣಿಯುತ್ತದೆಯೆಂಬುದು ನಮ್ಮ ಪುಣ್ಯ. ಇತರ ಅನೇಕ ರೋಗಾಣುಗಳು ಮಣಿಯುತ್ತಿಲ್ಲ. 2019ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಸತ್ತರೆಂದು ಅಂದಾಜು ಮಾಡಲಾಗಿದೆ.

ಈ ಕಾರಣದಿಂದಲೇ ನಮ್ಮ ದೇಶದ ಕಾನೂನು ಇಂಥ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆನ್ನುತ್ತದೆ. ಗುಳಿಗೆಯ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಕಂಡರೆ ಅದು ಚೀಟಿಯಿಲ್ಲದೆ ನುಂಗಬಾರದ ಔಷಧವೆಂದು ಅರ್ಥ. 2016ರಲ್ಲಿ ಕೇಂದ್ರ ಸರಕಾರ ಈ ತಿಳಿವಳಿಕೆಯನ್ನು ಸಾರಿತು. ಆ ಗೆರೆಯನ್ನು ಮನೆಯ ಮಕ್ಕಳಿಗೆ ತೋರಿಸಿಕೊಡಿರಿ. ವೈದ್ಯರೇ ನಡುವೆ ನಿಲ್ಲಿಸಿದ್ದರಿಂದಲೋ ಬದಲಿಸಿದ್ದರಿಂದಲೋ ಗುಳಿಗೆ ಉಳಿದರೆ ಚರಂಡಿಗೆ ಸುರಿಯಬೇಡಿರಿ. ಹಿಂದಕ್ಕೆ ಪಡೆಯುವಿರಾ ಎಂದು ಔಷಧಿ ಅಂಗಡಿಯಲ್ಲಿ ವಿಚಾರಿಸಿರಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಷ್ಟೋ ಊರುಗಳ ಬಾಯಾರಿಕೆ ತಣಿಸುತ್ತಾಳೆ. ನೀರಿಗೆ ಬಿದ್ದ ಔಷಧ ಅಲ್ಲಿಯೂ ರೋಗಾಣುಗಳನ್ನು ಪಳಗಿಸುತ್ತದೆ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ ಮನೆಯವರೆಲ್ಲ ಕೂಡಿ ಆ ಡಬ್ಬಿಯನ್ನು ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇವೆ. ಕೆಂಪು ಗೆರೆಯ ಪಟ್ಟಿಗಳನ್ನು ಬೇರೆ ತೆಗೆದಿರಿಸಿ, ಈಗ ಯಾರ ಚಿಕಿತ್ಸೆಯೂ ನಡೆದಿಲ್ಲವಾದರೆ ಅವನ್ನು ಡಬ್ಬಿಯಿಂದ ಹೊರಗೆ ಹಾಕಿರಿ. ಒಂದು ನೋಟುಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರು ಬರೆದು, ಯಾರಿಗೆ ಯಾವ ಔಷಧ ಒಗ್ಗಲಿಲ್ಲವೆಂಬುದನ್ನು ಅದರ ಮುಂದೆ ಗುರುತಿಸಿಡಿರಿ. ದವಾಖಾನೆಗೆ ಹೋಗುವಾಗ ಅದು ಜೊತೆಗಿರಲಿ. ಅಜ್ಜಿಯ ಅಕ್ಕರೆಗೆ ಕೆಲಸ ತಪ್ಪಲಿಲ್ಲ: ಹೊತ್ತಿಗೆ ಸರಿಯಾಗಿ ಗುಳಿಗೆಯ ನೆನಪು ಮಾಡಿಕೊಡುವುದು, ಬಿಸಿ ಗಂಜಿ ಕಾಯಿಸಿಕೊಡುವುದು, ಮೂರನೆಯ ದಿನ ‘ನನಗ ಆರಾಮ ಆತು, ಸಾಕು’ ಎನ್ನುವ ಮೊಮ್ಮಗಳನ್ನು ಒಲಿಸಿ ಉಳಿದ ದಿನಗಳ ಔಷಧ ಮುಗಿಸುವಂತೆ ಮಾಡುವುದು ಅವರಿಂದಲೇ ಆಗಬೇಕಾದ ಕೆಲಸ. ಎಲ್ಲರ ಮನೆಯಲ್ಲಿಯೂ ಆರೋಗ್ಯ ನೆಲೆಸಲೆಂದು ಹಾರೈಸುತ್ತೇವೆ.